ಬೆಸೆದ ಮೇಣದಬತ್ತಿ

ವಾರಿಜಕ್ಕ, ನಿಮ್ಮ ಹರಕೆಯ ಮೇಣದಬತ್ತಿಯನ್ನು ಅರ್ಧಕ್ಕೆ ನಂದಿಸಿದ್ದು ದೇವರಲ್ಲ, ನಾನು.

ಕಕ್ಕಿಂಜೆಯ ಮನೆಯಲ್ಲಿ ಕಿಟಕಿ ಮುಚ್ಚಿ ನೀವು ಅದನ್ನು ಹಚ್ಚಿದ ಸಂಜೆ ನಾನು ಅಲ್ಲಿರಲಿಲ್ಲ, ನಿಜ. ಬೆಳ್ತಂಗಡಿಯ ನನ್ನ ಮನೆಯಲ್ಲಿ ಕೈಯಲ್ಲಿ ಜಪಸರ ಹಿಡಿದು, ಮನಸ್ಸಿನಲ್ಲಿ ಮರುದಿನದ ವ್ಯಾಪಾರ ಹಿಡಿದು ಕುಳಿತಿದ್ದಿರಬೇಕು. ಆದರೂ ನಂದಿಸಿದ್ದು ನಾನೇ — ನೀವು ಹಚ್ಚುವುದಕ್ಕೆ ಎಷ್ಟೋ ದಿನ ಮೊದಲು, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಕಾದ ಮೇಣದ ಪಾತ್ರೆಯ ಮುಂದೆ, ಒಂದು ಭಕ್ತಿಗೀತೆ ಗುನುಗುತ್ತಾ. ಗುನುಗಿದ್ದನ್ನು ಯಾಕೆ ಹೇಳುತ್ತೇನೆ ಎಂದರೆ, ಪಾಪ ಮಾಡುವವನ ಕೈ ನಡುಗುತ್ತದೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಹಾಗೇನೂ ಆಗುವುದಿಲ್ಲ. ಆ ದಿನ ನನ್ನ ಸ್ವರ ಎಂದಿಗಿಂತ ಚೆನ್ನಾಗಿತ್ತು.

ನನ್ನ ಅಂಗಡಿ ಇಗರ್ಜಿಯ ಗೇಟಿನ ಎದುರು. ಮೇಣದಬತ್ತಿ, ಜಪಸರ, ಸಂತರ ಚಿತ್ರ, ಅಗರಬತ್ತಿ — ಮತ್ತು ಸತ್ಯ ಹೇಳುವುದಾದರೆ ಸ್ವಲ್ಪ ಮೊಬೈಲ್ ರೀಚಾರ್ಜು. ಮಂಗಳವಾರ ಸಂತ ಅಂತೋನಿಯವರ ನೊವೆನಾ ಪ್ರಾರ್ಥನೆ. ಆ ದಿನ ಬರುವವರಲ್ಲಿ ನಮ್ಮವರಿಗಿಂತ ಬೇರೆಯವರೇ ಹೆಚ್ಚು. ಬಂಟ್ವಾಳದಿಂದ ಕಾರಿನಲ್ಲಿ ಬರುವ ವ್ಯಾಪಾರಿಗಳು, ಮೂಡುಬಿದಿರೆಯ ಕಾಲೇಜುಗಳಿಂದ ಪರೀಕ್ಷೆಯ ಹೆದರಿಕೆ ಹೊತ್ತು ಬರುವ ಮಕ್ಕಳು, ಗಲ್ಫಿನಲ್ಲಿರುವ ಮಗ ಫೋನು ಮಾಡಲಿಲ್ಲವೆಂದು ಬಂದು ಗೇಟಿನ ಹೊರಗೇ ನಿಂತು, ಒಳಗೆ ಹೋಗುವವರ ಕೈಯಲ್ಲಿ ಬತ್ತಿ ಕಳಿಸುವ ಬ್ಯಾರಿ ಮುಸ್ಲಿಂ ತಾಯಿ. ಸಂತರ ಎದುರು ಮರಳು ತುಂಬಿದ ಒಂದು ಕಬ್ಬಿಣದ ತಟ್ಟೆ. ಅದರಲ್ಲಿ ಬತ್ತಿಗಳ ಕಾಡು. ಎಲ್ಲವೂ ಪೂರ್ತಿ ಉರಿಯುವಷ್ಟು ಜಾಗವೂ ಇಲ್ಲ, ಹೊತ್ತೂ ಇಲ್ಲ. ಹಾಗಾಗಿ ಇಗರ್ಜಿಯ ಕೆಲಸದ ಜೋಕಿಮ್, ಹರಕೆ ಹೇಳಿದವರು ಬೆನ್ನು ತಿರುಗಿಸುವುದನ್ನೇ ಕಾದು, ಬತ್ತಿಗಳನ್ನು ನಂದಿಸಿ ಗೋಣಿಗೆ ಹಾಕುತ್ತಿದ್ದ. ಮೇಲಿನ ಸ್ವಲ್ಪ ಭಾಗ ಮಾತ್ರ ಕರಗಿರುತ್ತಿತ್ತು. ಆ ಗೋಣಿಯನ್ನು ತೂಕಕ್ಕೆ ಹಾಕಿ ಕೊಂಡುಕೊಳ್ಳುತ್ತಿದ್ದವನು ನಾನು.

ಮೊದಮೊದಲು ಅದನ್ನೆಲ್ಲ ಕರಗಿಸಿ, ಮಸಿ ಸೋಸಿ, ಹೊಸದಾಗಿ ಎರೆಯುತ್ತಿದ್ದೆ. ಅದರಲ್ಲಿ ತಪ್ಪಿಲ್ಲ, ಮೇಣದ ಕೆಲಸವೇ ಹಾಗೆ. ಆದರೆ ಒಂದು ದಿನ ಹಾಗೆ ಹಿಂದೆ ಬಂದ ಬತ್ತಿಗಳ ಕೆಳಗಿನ ಅರ್ಧವನ್ನು ನೋಡುತ್ತಾ ಕುಳಿತೆ. ಬೆಳ್ಳಗೆ, ನುಣ್ಣಗೆ, ಒಂದು ಗೀರೂ ಇಲ್ಲದೆ. ಇದನ್ನು ಯಾಕೆ ಕರಗಿಸಬೇಕು? ಸುಟ್ಟ ಮೇಲ್ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಅಚ್ಚಿನ ತಳಕ್ಕೆ ಇಳಿಸಿ, ಮೇಲೆ ಹೊಸ ನೂಲಿಟ್ಟು ಅರ್ಧ ಮಾತ್ರ ಹೊಸ ಮೇಣ ಎರೆದರೆ — ಸೇರಿದ ಜಾಗವನ್ನು ಬಿಸಿ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ, ನನ್ನ ಕಣ್ಣಿಗೇ ಗೊತ್ತಾಗುತ್ತಿರಲಿಲ್ಲ. ಒಂದೇ ತೊಂದರೆ: ಮೇಲಿನ ನೂಲಿಗೂ ಕೆಳಗಿನ ನೂಲಿಗೂ ಸಂಬಂಧವಿರುವುದಿಲ್ಲ. ಜ್ವಾಲೆ ಬೆಸುಗೆಯ ತನಕ ಇಳಿಯುತ್ತದೆ, ಅಲ್ಲಿ ಹಿಡಿಯಲು ನೂಲು ಸಿಗದೆ ತನ್ನದೇ ಮೇಣದಲ್ಲಿ ಮುಳುಗುತ್ತದೆ. ಆದರೆ ಅಲ್ಲಿಯ ತನಕ ಉರಿಯಲು ಜೋಕಿಮ್ ಬಿಡಬೇಕಲ್ಲ!

ಹೀಗೆ ನನ್ನ ಬತ್ತಿಗಳ ಕೆಳಗಿನ ಅರ್ಧ ಯಾವತ್ತೂ ಉರಿಯಲಿಲ್ಲ. ಅಂಗಡಿಯಿಂದ ಇಗರ್ಜಿಗೆ, ಇಗರ್ಜಿಯಿಂದ ಅಂಗಡಿಗೆ, ಪಿಂಚಣಿ ಬಂದ ಮೇಷ್ಟ್ರ ಹಾಗೆ ಅವು ರಸ್ತೆ ದಾಟುತ್ತಿದ್ದವು. ಯಾರದೋ ಮಗನ ಜ್ವರಕ್ಕೆ ಒಪ್ಪಿಸಿದ ಮೇಣವನ್ನು ಇನ್ನಾರದೋ ಜಾಗದ ತಕರಾರಿಗೆ ಮಾರಿದೆ, ಅದನ್ನೇ ಮತ್ತೊಬ್ಬರ ಪರೀಕ್ಷೆಗೆ ಮಾರಿದೆ. ಪ್ರತಿ ಸಲವೂ ಹೊಸ ಬತ್ತಿಯ ಬೆಲೆಗೆ.

ಚಿಂತೆಯಾಗಲಿಲ್ಲವೇ ಎಂದರೆ — ಚಿಂತೆ ಮಾಡುವುದು ನನ್ನ ನಿಜವಾದ ಉದ್ಯೋಗ, ಅಂಗಡಿ ಬರೀ ಹೊಟ್ಟೆಪಾಡು. ನನ್ನ ಹೆಂಡತಿ ಗ್ರೇಸಿ ಹೇಳುವುದುಂಟು, "ನಿಮಗೆ ಚಿಂತೆ ಮಾಡ್ಲಿಕ್ಕೆ ಯಾರಾದ್ರೂ ಸಂಬಳ ಕೊಡ್ತಾರಾ? ಕೊಡುದಾದ್ರೆ ನಾವು ಇಷ್ಟೊತ್ತಿಗೆ ಮೂರು ಮಾಳಿಗೆ ಕಟ್ಟಬಹುದಿತ್ತು." ಆದರೆ ನನ್ನ ಚಿಂತೆಗೆ ಒಂದು ಗುಣವಿದೆ: ಅದು ಸರಿಯಾದ ಜಾಗಕ್ಕೆ ಹೋಗುವುದಿಲ್ಲ. ಬೆಸುಗೆ ಕಾಣಿಸೀತೇ ಎಂದು ಚಿಂತಿಸಿದೆ. ಮೇಣದ ಬೆಲೆ ಏರೀತೇ ಎಂದು ಚಿಂತಿಸಿದೆ. ಲಾಭ ಮಾಡುವುದು ಕ್ರೈಸ್ತನಿಗೆ ತಕ್ಕುದೇ ಎಂದು ಕೂಡ ಚಿಂತಿಸಿದೆ. ಅದಕ್ಕೆ ಉತ್ತರವೂ ಸಿದ್ಧವಿತ್ತು — ಯಜಮಾನ ಕೊಟ್ಟ ಹಣವನ್ನು ದುಡಿಸಿ ಎರಡು ಪಾಲು ಮಾಡಿದ ಸೇವಕನನ್ನು ಯಜಮಾನನೇ ಹೊಗಳಿದ ಕತೆ ಇಗರ್ಜಿಯ ಪ್ರವಚನದಲ್ಲಿ ಎಷ್ಟು ಸಲ ಕೇಳಿಲ್ಲ? ಹಣವನ್ನು ನೆಲದಲ್ಲಿ ಹುಗಿದಿಟ್ಟವನಿಗೇ ಬೈಗುಳ ಸಿಕ್ಕಿದ್ದು. ನಾನು ಮೇಣವನ್ನು ಹುಗಿದಿಡದೆ ಎರಡು ಪಾಲು ಮಾಡುತ್ತಿದ್ದೇನೆ. ಆ ಕತೆಯನ್ನು ನಾನು ವಕೀಲನ ಹಾಗೆ ಇಟ್ಟುಕೊಂಡಿದ್ದೆ.

ಒಮ್ಮೆ ನಮ್ಮ ಫಾದರ್ ಅಂಗಡಿಯವರಿಗೆಂದೇ ಒಂದು ಭಾನುವಾರ ಧ್ಯಾನಕೂಟ ಇಟ್ಟಿದ್ದರು. "ಲಾಭ ಪಾಪ ಅಲ್ಲ," ಎಂದು ಶುರು ಮಾಡಿದರು. "ಅಂಗಡಿ ನಡೀಬೇಕು, ಮಕ್ಕಳ ಫೀಸು ಕಟ್ಟಬೇಕು." ನಾನು ಹಗುರಾದೆ. ಹಗುರಾದವನಿಗೆ ಫ್ಯಾನಿನ ಗಾಳಿ ಬಿತ್ತು, ತೂಕಡಿಕೆ ಬಂತು. ಉಳಿದದ್ದನ್ನು ಮನೆಗೆ ನಡೆಯುವಾಗ ಗ್ರೇಸಿ ಹೇಳಿದಳು: ನೀವು ಏನು ಮಾಡಿದ್ದೀರೋ ಅದನ್ನು ಗಿರಾಕಿಯ ಮುಖ ನೋಡಿ ಹೇಳಲಿಕ್ಕೆ ಆಗಬೇಕು, ಹೇಳಲಿಕ್ಕೆ ಆಗದ ಭಾಗವನ್ನು ಲಾಭ ಎನ್ನಬೇಡಿ ಎಂದರಂತೆ ಫಾದರ್. "ಅದೇ ಹೊತ್ತಿಗೆ ನೀವು ಗೊರಕೆ ಹೊಡೆದದ್ದು," ಎಂದಳು.

ಆ ಮೇಲೆ ನೀವು ಬಂದಿರಿ, ವಾರಿಜಕ್ಕ.

ಆ ಬೆಳಿಗ್ಗೆ ಚಾರ್ಮಾಡಿಯ ಕಡೆಯಿಂದ ಇಳಿದ ಮಂಜು ರಸ್ತೆಯ ಮೇಲೆಯೇ ಕುಳಿತಿತ್ತು. ಬಸ್ಸು ಕಾಣಲಿಲ್ಲ, ಬರೀ ಅದರ ಸದ್ದು ಬಂದು ನಿಂತಿತು. ಆ ಬಿಳಿಯೊಳಗಿಂದ ನೀವು, ತೋಳಿನಲ್ಲಿ ಯೂನಿಫಾರ್ಮಿನ ಕಟ್ಟು ಇಟ್ಟುಕೊಂಡು, ಯಾರೋ ನಿಧಾನವಾಗಿ ಬಿಡಿಸುತ್ತಿರುವ ಚಿತ್ರದ ಹಾಗೆ ಮೂಡಿದಿರಿ. ಎಷ್ಟು ಸಲ ಆ ಬೆಳಿಗ್ಗೆಯನ್ನು ಕನಸಿನಲ್ಲಿ ಕಂಡಿದ್ದೇನೆಂದರೆ, ಈಗ ಮಂಜು ನಿಜವೋ, ಕನಸು ಸೇರಿಸಿದ್ದೋ ಹೇಳಲಾರೆ. ಮಾತು ಮಾತ್ರ ನಿಜ. ನಾವು ಆಡಿದ್ದು ತುಳುವಿನಲ್ಲಿ. ಬರೆಯಲಿಕ್ಕೆ ನನಗೆ ಕನ್ನಡವೇ ಬರುವುದು.

"ಪೊರ್ಬುಲೇ, ಒಂದು ದೊಡ್ಡ ಕ್ಯಾಂಡಲ್ ಕೊಡಿ. ಒಳ್ಳೇದು."

ನಮ್ಮ ಜಾತಿಯ ಗಂಡಸರನ್ನು ನಿಮ್ಮವರು ಕರೆಯುವುದೇ ಹಾಗೆ. ಪ್ರಭುಗಳೇ ಎಂದರ್ಥವಂತೆ. ಆ ದಿನ ಆ ಹೆಸರಿಗೆ ನಾನು ಎಷ್ಟು ತಕ್ಕವನಾಗಿದ್ದೆ ನೋಡಿ.

"ಇಲ್ಲಿ ಹಚ್ಚುದಿಲ್ಲ. ಇಲ್ಲಿ ಆ ಜೋಕಿಮಣ್ಣ ನಂದಿಸ್ತಾರೆ," ಎಂದು ನಕ್ಕಿರಿ. "ಸಂತರಿಗೆ ಮುಟ್ಟಿಸಿ ಮನೆಗೆ ಕೊಂಡು ಹೋಗ್ತೇನೆ. ಇದು ಪೂರ್ತಿ ಉರೀಬೇಕು. ಒಂದು ಕೇಳ್ಲಿಕ್ಕೆ ಉಂಟು."

ಏನು ಕೇಳಲಿಕ್ಕೆ ಎಂದು ನಾನು ಕೇಳಲಿಲ್ಲ, ನೀವೇ ಹೇಳಿದಿರಿ. ಅಪರಿಚಿತರ ಹತ್ತಿರ ಹೇಳುವುದು ಸುಲಭ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ನೀವು ಹೊಲಿದ ಯೂನಿಫಾರ್ಮು ಕೊಡಲು ಮೂಡುಬಿದಿರೆಗೆ ಹೋಗಿ ಬರುವಾಗ ಬಸ್ ನಿಲ್ದಾಣದಲ್ಲಿ ಪರಿಚಯವಾದ ಒಬ್ಬರು — ಶೀನಣ್ಣ, ಅಲ್ಲಿಯ ಒಂದು ಹಾಸ್ಟೆಲಿನಲ್ಲಿ ಅಡುಗೆಯವರು — ಮದುವೆಯಾಗುವ ಎಂದು ಕೇಳಿದ್ದರು. ನಿಮಗೆ ಮನಸ್ಸಿತ್ತು. ಹೆದರಿಕೆಯೂ ಇತ್ತು. ಮನೆಯವರು ಬೇಡವೆನ್ನಲಿಲ್ಲ, ಹೌದೆನ್ನಲೂ ಇಲ್ಲ. "ಬತ್ತಿ ಕೊನೆ ತನಕ ಉರಿದರೆ ಹೌದು ಅಂತ ಹೇಳುದು. ನಾನು ನಿರ್ಧಾರ ಮಾಡ್ಲಿಕ್ಕೆ ಹೋದರೆ ಇನ್ನೂ ಹತ್ತು ವರ್ಷ ಬೇಕು ಮಾರಾಯ್ರೆ."

ಈಗ ಕೇಳಿ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಬೆಸುಗೆಯಿಲ್ಲದ ಬತ್ತಿಗಳಿದ್ದವು. ಇಗರ್ಜಿಯ ಪೂಜಾಪೀಠಕ್ಕೆಂದು, ನಮ್ಮ ಮನೆಗೆಂದು ಬೇರೆ ಇಟ್ಟವು. ಕೈ ಚಾಚಿದರೆ ಸಿಗುತ್ತಿದ್ದವು. ನೀವು ಅದನ್ನು ಪೂರ್ತಿ ಉರಿಸುತ್ತೀರಿ ಎಂದು ಗೊತ್ತಾಯಿತು, ಯಾಕೆ ಎಂದೂ ಗೊತ್ತಾಯಿತು. ಆದರೂ ನನ್ನ ಕೈ ಎದುರಿನ ರಾಶಿಗೇ ಹೋಯಿತು. ಯಾಕೆ? ದುಡ್ಡಿನ ಆಸೆಯೆಂದರೆ ಸುಲಭವಾಗುತ್ತಿತ್ತು. ಒಂದು ಬತ್ತಿಯಲ್ಲಿ ಏನು ಹೋಗುತ್ತಿತ್ತು? ನಿಮಗೊಬ್ಬರಿಗೆ ಮಾತ್ರ ಒಳ್ಳೆಯದನ್ನು ಹುಡುಕಿ ಕೊಟ್ಟರೆ, ಆ ರಾಶಿಯಲ್ಲಿರುವುದು ಒಳ್ಳೆಯದಲ್ಲ ಎಂದು ನನಗೆ ನಾನೇ ಹೇಳಿದ ಹಾಗೆ. ಅಷ್ಟು ಹೇಳಿಕೊಳ್ಳಲು ನನಗೆ — ಕಾಗದದಲ್ಲಿ ಸುತ್ತಿ ಕೊಟ್ಟೆ. ಚಿಲ್ಲರೆ ಸರಿಯಾಗಿ ವಾಪಸು ಮಾಡಿದೆ. ಚಿಲ್ಲರೆಯಲ್ಲಿ ನಾನು ಯಾವತ್ತೂ ಮೋಸ ಮಾಡಿದವನಲ್ಲ.

ಮುಂದಿನ ವಾರ ನೀವು ಬಂದಾಗ ಮಂಜಿರಲಿಲ್ಲ. ಅಂಗಡಿ ಎದುರು ನಿಂತು ಏನೂ ಕೊಳ್ಳದೆ ಕೇಳಿದಿರಿ, "ಪೊರ್ಬುಲೇ, ಗಾಳಿ ಇರ್ಲಿಲ್ಲ. ಕಿಟಕಿ ಹಾಕಿತ್ತು. ಅರ್ಧಕ್ಕೆ ಬಂದು ಸುಮ್ಮನೆ ಹೋಯ್ತು. ಪುನಃ ಹಚ್ಚಿದೆ, ಹತ್ತಲೇ ಇಲ್ಲ. ಹಾಗೆ ಆಗ್ತದಾ?"

ನಿಮ್ಮ ಮುಖದಲ್ಲಿ ದೂರು ಇರಲಿಲ್ಲ. ಕ್ಯಾಂಡಲ್ ಸರಿ ಇಲ್ಲ ಎಂದು ನೀವು ಬೈದಿದ್ದರೆ — ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು — ನಾನು ಜಗಳಾಡಿ, ಕೊನೆಗೆ ಇನ್ನೊಂದು ಕೊಟ್ಟು ಕಳಿಸುತ್ತಿದ್ದೆ. ಅಷ್ಟಕ್ಕೆ ಮುಗಿಯುತ್ತಿತ್ತು. ನೀವು ಬತ್ತಿಯನ್ನು ಅನುಮಾನಿಸಲೇ ಇಲ್ಲ. ಒಂದು ಮಾತಿನಿಂದ ನಿಮ್ಮನ್ನು ಉಳಿಸಬಹುದಿತ್ತು: ಮೇಣ ಕೆಟ್ಟದ್ದು ಅಕ್ಕ. ಇಷ್ಟೇ. ಬೆಸುಗೆಯ ವಿಷಯವನ್ನೂ ಹೇಳಬೇಕಿರಲಿಲ್ಲ. ಆದರೆ ಪಕ್ಕದಲ್ಲಿ ಇಬ್ಬರು ಗಿರಾಕಿಗಳು ಕೈಯಲ್ಲಿ ಬತ್ತಿ ಹಿಡಿದು ನಿಂತಿದ್ದರು.

ನಾನು ಆಕಾಶದ ಕಡೆ ನೋಡಿದೆ. ಹೌದು, ನೋಡಿದೆ — ನಾಟಕದವರ ಹಾಗೆ. ಹೇಳಿದೆ: "ಅದು ನಮ್ಮ ಕೈಯಲ್ಲಿ ಇಲ್ಲ ಅಕ್ಕ. ಅವನ ಚಿತ್ತ."

ನೀವು ತಲೆಯಾಡಿಸಿದಿರಿ. "ಹಾಗಾದ್ರೆ ಬೇಡ ಅಂತ," ಎಂದಿರಿ — ನನಗಲ್ಲ, ನಿಮಗೇ. ಸಂತರ ಕಡೆ ಕೈಮುಗಿದು ಬಸ್ಸಿಗೆ ಹೋದಿರಿ.

ಆಮೇಲಿನದರಲ್ಲಿ ನಿಮಗೆ ಗೊತ್ತಿಲ್ಲದ ಒಂದು ಭಾಗವಿದೆ. ಶೀನಣ್ಣ ನನ್ನ ಅಂಗಡಿಗೆ ಬಂದಿದ್ದರು. ಅಂಗಿಯಲ್ಲಿ ಒಗ್ಗರಣೆಯ ವಾಸನೆ. ಮಧ್ಯಾಹ್ನದ ಅಡುಗೆ ಮುಗಿಸಿ ಹಾಗೇ ಬಸ್ಸು ಹತ್ತಿದ್ದರಂತೆ. "ಪೊರ್ಬುಲೇ," ಎಂದರು, "ನಿಮ್ಮ ದೇವರು ಬೇಡ ಅಂದ್ರಂತೆ. ನಮ್ಮ ದೈವ ಆದರೆ ನಾನೇ ಎದುರು ನಿಂತು ಕೇಳ್ತಿದ್ದೆ, ನುಡಿ ಕೊಡ್ತದೆ. ನಿಮ್ಮವರ ಹತ್ತಿರ ಮಾತಾಡುದು ಹೇಗೆ ಅಂತ ನಂಗೆ ಗೊತ್ತಿಲ್ಲ. ನೀವು ದಿನಾ ಎದುರೇ ಕೂತುಕೊಳ್ಳುವವರು. ಒಂದು ಸಲ ಕೇಳಿ ನೋಡ್ತೀರಾ?"

ಅಂಥವರ ಎದುರು ಕೂಡ ನನ್ನ ಬಾಯಿಂದ ಸತ್ಯ ಹೊರಡಲಿಲ್ಲ. ಹಿಂದಿನ ಕಪಾಟಿನಿಂದ ಒಂದು ಇಡೀ ಬತ್ತಿಯನ್ನು ತೆಗೆದು, ದುಡ್ಡು ಬೇಡವೆಂದು ಕೊಟ್ಟೆ. "ನೀವೂ ಒಂದು ಹಚ್ಚಿ ನೋಡಿ." ಗುಟ್ಟಾಗಿ ಸರಿಪಡಿಸಿಬಿಡುವ ಎಂಬ ಯೋಚನೆ. ಅದು ಕೊನೆಯ ತನಕ ಉರಿಯಿತು, ಉರಿಯಲೇಬೇಕು. ಅವರು ಓಡಿ ನಿಮ್ಮಲ್ಲಿಗೆ ಬಂದು ಹೇಳಿದ್ದಕ್ಕೆ ನೀವು ಅಂದದ್ದನ್ನು ಅವರೇ ಮತ್ತೆ ಬಂದು ನನಗೆ ಹೇಳಿದರು: "ನಿಮಗೆ ಹೌದು ಅಂದಿದ್ದಾರೆ. ನನಗೆ ಬೇಡ ಅಂದಿದ್ದಾರೆ. ನಿಮಗೆ ಬೇರೆ ಯಾರಾದ್ರೂ ಸಿಗ್ತಾರೆ, ಅದಕ್ಕೇ ಹಾಗೆ." ಸುಳ್ಳಿಗೆ ಸತ್ಯದ ಸಾಕ್ಷಿಯನ್ನೂ ಒದಗಿಸಿದವನು ನಾನು. ಮುಂದಿನ ಮಳೆಗಾಲದೊಳಗೆ ಅವರು ಘಟ್ಟದ ಮೇಲಿನ ಯಾವುದೋ ಊರಿನ ಹಾಸ್ಟೆಲಿಗೆ ಹೋದರಂತೆ. ಎಲ್ಲಿ ಎಂದು ನನಗೆ ಗೊತ್ತಿಲ್ಲ. ಹುಡುಕಲಿಲ್ಲ.

ಬೆಸೆಯುವುದನ್ನು ಬಿಟ್ಟೆ. ಅದನ್ನು ದೊಡ್ಡತನವೆಂದು ಓದಬೇಡಿ. ಅಚ್ಚಿನೊಳಗೆ ಮೇಣ ಎರೆಯುವಾಗಲೆಲ್ಲ ನೀವು ತಲೆಯಾಡಿಸಿದ್ದು ಕಾಣುತ್ತಿತ್ತು, ಕೈ ಸುಟ್ಟುಕೊಳ್ಳುತ್ತಿದ್ದೆ. ಪಾಪನಿವೇದನೆಗೂ ಹೋದೆ. ತೆರೆಯ ಆಚೆಗಿದ್ದ ಫಾದರ್ ಹತ್ತಿರ, "ವ್ಯಾಪಾರದಲ್ಲಿ ಸ್ವಲ್ಪ ಜಾಸ್ತಿ ಲಾಭ ತೆಗೆದಿದ್ದೇನೆ, ಮೇಣದಲ್ಲಿ," ಎಂದೆ.

"ಮೇಣಕ್ಕೆ ನೋವಾಗುದಿಲ್ಲ," ಎಂದರು ಅವರು. "ಯಾರಿಂದ ತೆಗೆದಿರಿ?"

"ಗಿರಾಕಿಗಳಿಂದ, ಫಾದರ್."

ನೋಡಿ, ಆ ಗುಂಪಿನೊಳಗೆ ನಿಮ್ಮನ್ನು ಅಡಗಿಸಿಬಿಟ್ಟೆ. ಅವರು ಹೇಳಿದರು, ಗುರುತಿದ್ದವರಿಗೆ ಹೋಗಿ ಹಿಂದೆ ಕೊಡಿ, ಗುರುತಿಲ್ಲದವರ ಪಾಲನ್ನು ಬಡವರಿಗೆ ಕೊಡಿ. ನಾನು ಬಡವರಿಗೆ ಕೊಟ್ಟೆ. ಧಾರಾಳವಾಗಿಯೇ ಕೊಟ್ಟೆ. ಗುರುತಿದ್ದ ಒಬ್ಬರ ಮನೆಗೆ ಕಕ್ಕಿಂಜೆಯ ಬಸ್ಸು ನನ್ನ ಅಂಗಡಿ ಎದುರಿನಿಂದಲೇ ಹೋಗುತ್ತದೆ, ಹತ್ತಲಿಲ್ಲ. ಹಣವನ್ನಾದರೆ ಹಿಂದೆ ಕೊಡಬಹುದು. ಆ ಸಂಜೆಯನ್ನು ಯಾವ ಕವರಿನಲ್ಲಿ ಹಾಕಿ ಕೊಡಲಿ ಎಂದು ನನಗೆ ನಾನೇ ಕೇಳಿಕೊಂಡೆ — ಚೆನ್ನಾಗಿದೆ ಅಲ್ಲವೇ, ಹೋಗದೇ ಇರಲಿಕ್ಕೆ ಎಂಥ ಚಂದದ ಮಾತು!

ಇಷ್ಟು ವರ್ಷ ಲಾಭದ ಬಗ್ಗೆಯೇ ತಲೆಕೆಡಿಸಿಕೊಂಡೆ. ಅಂಗಡಿಯವನು ಎಷ್ಟು ತೆಗೆದರೆ ದೇವರಿಗೆ ಸರಿ, ಎಷ್ಟು ತೆಗೆದರೆ ತಪ್ಪು. ಈಗ ಅನಿಸುತ್ತದೆ, ದೇವರು ನನ್ನ ಪಾತ್ರೆಯೊಳಗೆ ಇಣುಕಿ ಮೇಣ ಅಳೆಯುತ್ತಿರಲಿಲ್ಲ. ಮೋಸ ನಾನು ಮಾಡಿ, ಅದನ್ನು ಅವನು ಮಾಡಿದ್ದೆಂದೆ. ಅವನು ಎದುರು ಬಂದು ಇಲ್ಲ ಎನ್ನುವುದಿಲ್ಲ ಎಂಬ ಧೈರ್ಯದಿಂದ. ಪರಿಚಯವೇ ಇಲ್ಲದ ದೇವರನ್ನು ನಂಬಿ ಬಂದ ನಿಮಗೆ, ಅವನು ಹೇಳದ ಮಾತನ್ನು ಅವನ ಬಾಗಿಲಲ್ಲೇ ಕುಳಿತು ಹೇಳಿದೆ.

ಒಂದು ಕನಸು ಬೀಳುತ್ತದೆ. ಬತ್ತಿಯೊಳಗೆ ಜ್ವಾಲೆ ಸಣ್ಣ ಹೆಂಗಸೊಬ್ಬಳ ಹಾಗೆ ಮೆಟ್ಟಿಲು ಇಳಿಯುತ್ತಾ ಬರುತ್ತದೆ. ಗೋಡೆಗಳೆಲ್ಲ ಹಾಲಿನ ಬಣ್ಣ, ಒಳಗೆ ಬೆಚ್ಚಗೆ. ನಾನು ಕೆಳಗೆ ನಿಂತಿದ್ದೇನೆ. ಮುಂದೆ ಮೆಟ್ಟಿಲಿಲ್ಲ ಎಂದು ನನಗೆ ಗೊತ್ತು. ಕೂಗಲು ಬಾಯಿ ತೆರೆದರೆ ಮೇಣ ತುಂಬಿಕೊಳ್ಳುತ್ತದೆ. ಅವಳು ಹೆಜ್ಜೆ ಇಡುತ್ತಾಳೆ — ಅಲ್ಲಿಗೆ ಎಚ್ಚರ. ಗ್ರೇಸಿ, "ಈಗ ಎಂಥದು, ಮೇಣಕ್ಕೆ ರೇಟು ಜಾಸ್ತಿ ಆಯ್ತಾ?" ಎಂದು ಮಗ್ಗುಲಾಗುತ್ತಾಳೆ.

ಕನಸಿನ ಜೊತೆ ಹೇಗೋ ಬದುಕಿಕೊಂಡು ಹೋಗುತ್ತಿದ್ದೆ. ಕಳೆದ ಮಂಗಳವಾರ ನೀವು ನಿಮ್ಮ ತಂಗಿಯ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಿರಿ. ನಿಮ್ಮ ಕೂದಲು ನೆರೆತಿತ್ತು. ಆ ಹುಡುಗಿ ಮೂಡುಬಿದಿರೆಯಲ್ಲಿ ಓದು ಮುಗಿಸಿದವಳು, ಜೊತೆಗೆ ಓದಿದ ಒಬ್ಬ ಹುಡುಗ ಮದುವೆಗೆ ಕೇಳಿದ್ದಾನಂತೆ. ಅವಳಿಗೂ ಮನಸ್ಸುಂಟು, ಅವಳಿಗೂ ಹೆದರಿಕೆ. "ದೊಡ್ಡಮ್ಮ, ಕ್ಯಾಂಡಲ್‌ಗೆ ಎಂಥ ಗೊತ್ತುಂಟು? ಗೂಗಲ್‌ನಲ್ಲಿ ಕೇಳಿದರೂ ಇದಕ್ಕಿಂತ ವಾಸಿ," ಎಂದು ಅವಳು ನಕ್ಕಳು. ನೀವು ನಗಲಿಲ್ಲ.

"ತಮಾಷೆ ಮಾಡ್ಬೇಡ. ಇವರ ಅಂಗಡಿಯ ಕ್ಯಾಂಡಲ್ ಸುಳ್ಳು ಹೇಳುದಿಲ್ಲ. ನನಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಕೇಳಿ ನಷ್ಟ ಆಗ್ಲಿಲ್ಲ." ಮತ್ತೆ ನನ್ನ ಕಡೆ ತಿರುಗಿ, "ಅಲ್ವಾ ಪೊರ್ಬುಲೇ?"

ಹುಡುಗಿಯ ನಗು ನಿಂತಿತು. ಬರುವ ಮಂಗಳವಾರ ಹಚ್ಚುವುದೆಂದು ಮಾತಾಯಿತು. ನಾನು ಬೆಸುಗೆಯಿಲ್ಲದ ಬತ್ತಿಯನ್ನೇ ಕೊಟ್ಟೆ. ಈಗ ನನ್ನಲ್ಲಿರುವುದು ಅವು ಮಾತ್ರ. ಆದರೆ ಒಳ್ಳೆಯ ಬತ್ತಿಯೂ ನಂದುತ್ತದೆ, ವಾರಿಜಕ್ಕ. ನೂಲಿನಲ್ಲಿ ತೇವವಿದ್ದರೆ ನಂದುತ್ತದೆ, ಹಲ್ಲಿ ಹಾರಿದರೆ ನಂದುತ್ತದೆ. ಉರಿದರೂ ಅಷ್ಟೇ — ಅದಕ್ಕೆ ಆ ಹುಡುಗನ ಗುಣ ಏನು ಗೊತ್ತು? ನನ್ನ ಒಂದು ಸುಳ್ಳಿನ ಮೇಲೆ ಇನ್ನೊಂದು ಬದುಕು ಕುಳಿತುಕೊಳ್ಳಲು ಹೊರಟಿದೆ. ಅದನ್ನು ನೋಡುತ್ತಾ ನಾನು "ಹೌದಕ್ಕ" ಎಂದೆ. ಈ ವಯಸ್ಸಿನಲ್ಲಿ, ಮತ್ತೆ.

ಇವತ್ತು ಭಾನುವಾರ. ಪೂಜೆಯಿಂದ ಬಂದು ಇದನ್ನು ಬರೆಯಲು ಕುಳಿತದ್ದು ನಾಲಿಗೆಯ ಅಭ್ಯಾಸಕ್ಕಾಗಿ. ಎದುರು ನಿಂತರೆ ನನ್ನ ನಾಲಿಗೆ ವ್ಯಾಪಾರವನ್ನೇ ಮಾತಾಡುತ್ತದೆ, ಅದಕ್ಕೆ. ಗ್ರೇಸಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ: "ಅವರು ಇಷ್ಟು ವರ್ಷ ದೇವರು ಹೇಳಿದ್ದು ಅಂತ ಸಮಾಧಾನದಲ್ಲಿದ್ದಾರೆ. ಅದನ್ನೂ ಕಿತ್ತುಕೊಳ್ತೀರಾ?"

ಅದನ್ನೇ ನಾನೂ ನೆಪ ಮಾಡಿಕೊಂಡಿದ್ದೆ. ನಿಮ್ಮ ಸಮಾಧಾನ ನಾನು ಮಾರಿದ ಸಾಮಾನು, ಅಕ್ಕ. ಅದರ ಒಳಗೆ ಏನಿದೆ ಎಂದು ತಿಳಿಯುವ ಹಕ್ಕು ಕೊಂಡವರಿಗುಂಟು. ತಿಳಿದ ಮೇಲೆ ಆ ವರ್ಷಗಳು ನಿಮಗೆ ಹೇಗೆ ಕಾಣುತ್ತವೆ — ಅದನ್ನು ಯೋಚಿಸಿದರೆ ಬರೆದದ್ದನ್ನೆಲ್ಲ ಹರಿದು ಹಾಕುವ ಅನಿಸುತ್ತದೆ. ಆದರೆ ನಾನು ಸುಮ್ಮನಿದ್ದರೆ ಮಂಗಳವಾರ ಸಂಜೆ ಒಂದು ಹುಡುಗಿ ಕಿಟಕಿ ಮುಚ್ಚಿ ಕುಳಿತುಕೊಳ್ಳುತ್ತಾಳೆ.

ನಾಳೆ ಅಂಗಡಿ ತೆರೆಯುವುದಿಲ್ಲ. ಬೆಳಗಿನ ಬಸ್ಸಿಗೆ ಕಕ್ಕಿಂಜೆಗೆ ಬರುತ್ತೇನೆ. ಆ ಹುಡುಗಿಯನ್ನೂ ಕರೆಯಿರಿ ಎನ್ನುತ್ತೇನೆ, ಅವಳೆದುರೇ ಹೇಳುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ. ಬೈಯದೆ ಸುಮ್ಮನೆ ಕುಳಿತರೆ, ಅದನ್ನೂ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಮನೆಗೆ ಬಂದವನಿಗೆ ಇಲ್ಲವೆನ್ನಲಾಗದೆ ನೀವು ಕೊಟ್ಟುಬಿಡುತ್ತೀರಿ. ಹೇಳಲಿಕ್ಕಿರುವುದು ಇಷ್ಟೇ: ಆ ಸಂಜೆ ನೀವು ಕೇಳಿದ ಪ್ರಶ್ನೆಗೆ ಬೇಡವೆಂದವರು ಯಾರೂ ಇರಲಿಲ್ಲ.